ಅಪ್ಪನ ಬಕೆಟ್ಟಿಗೆ ತೂತು

"ನಿಲ್ಸ್ರೀ! ಅದು ನಮ್ಮಪ್ಪನ ಬಕೆಟ್!"

ತಾರಸಿಗೆ ಓಡಿ ಬಂದ ನರ್ಸಮ್ಮನ ಕಣ್ಣು ಕೆಂಡವಾಗಿತ್ತು. ಪಕ್ಕದ ಮನೆಗೆ ಹೊಸದಾಗಿ ಬಂದ ಬಡಗಿ ಡ್ರಿಲ್ ಹಿಡಿದು ಕೂತಿದ್ದ. ಬಕೆಟ್ ಅಡ್ಡ ಬಿದ್ದಿತ್ತು. ಅವಳ ಸೌತೆ ಗಿಡ ಬೇರು ಸಮೇತ ಪೇಪರಿನ ಮೇಲೆ ಮಲಗಿತ್ತು!

"ನೀರು ಹೋಗೋಕೆ ದಾರಿನೇ ಇಲ್ಲ, ಬೇರು ಕೊಳೀತಿದೆ. ನಿಮ್ಮಮ್ಮನೇ ಕರೆದ್ರು..."

"ನನ್ನನ್ನ ಒಂದು ಮಾತು ಕೇಳೋಕೆ ಬಾಯಿ ಬಿದ್ದು ಹೋಗಿತ್ತಾ?"

"ಸ್ವಲ್ಪ ಕೇಳಿ, ಅದರ ತಳದಲ್ಲಿ..."

"ಮಾತಾಡಬೇಡಿ! ಎದ್ದು ನಡೀರಿ!"

ಅವನು ಹೋದ. ತಳದ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ. ಅಳುತ್ತಲೇ ಮಣ್ಣು ತುಂಬಿ ಗಿಡ ನೆಟ್ಟಳು.

ಪೇಂಟರ್ ಅಪ್ಪ ತೀರಿಕೊಂಡು ವರ್ಷವಾಗಿತ್ತು. ಉಳಿದದ್ದು ಈ ಪೇಂಟ್ ಬಕೆಟ್ ಒಂದೇ. ಒಳಗೆ ಒಣಗಿದ್ದ ಬಣ್ಣ ಕೆರೆದು ಅಮ್ಮ ಮಣ್ಣು ತುಂಬಿದ್ದಳು. ಅಪ್ಪನ ಮೇಲೂ ಮಗಳಿಗೆ ಸಿಟ್ಟೇ. ಊರಿಗೆ ಉಪಕಾರಿ, ಮನೆಗೆ ಮಾರಿ! ಕಂಡವರ ಗೋಡೆಗೆಲ್ಲ ಬಣ್ಣ ಹೊಡೆದವನು, ಅವಳ ಕೋಣೆಗೆ ಮಾತ್ರ 'ನಾಳೆ, ನಾಳೆ' ಅನ್ನುತ್ತಲೇ ಹೋಗಿಬಿಟ್ಟ.

ಗಿಡ ಚೇತರಿಸಿಕೊಂಡಿತು. ಬಳ್ಳಿ ಹಗ್ಗ ಹಿಡಿದು ಏರಿತು, ಕಾಯಿ ಜೋತಾಡಿತು. ಎದುರು ಮನೆ, ಕೆಳಗಿನ ಮನೆ, ಆಸ್ಪತ್ರೆಯ ವಾರ್ಡು, ಎಲ್ಲರಿಗೂ ಸೌತೆಕಾಯಿ ಹಂಚಿದಳು. ಬಡಗಿಗೆ ಮಾತ್ರ ಒಂದು ಹೋಳೂ ಇಲ್ಲ!

ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಅವನು "ಗಿಡ ಹೇಗಿದೆ?" ಅಂತ ಕೇಳುತ್ತಿದ್ದ. ಅವಳು ದುರುಗುಟ್ಟಿ ನೋಡಿ ಹೋಗುತ್ತಿದ್ದಳು. 'ಥೂ, ಆ ದನಿ ಯಾಕೆ ಇಷ್ಟವಾಗುತ್ತೆ ನನಗೆ?' ಅಂತ ತನ್ನ ಮೇಲೂ ಕೋಪ!

ಎರಡು ತಿಂಗಳಲ್ಲಿ ಬಳ್ಳಿ ಒಣಗಿತು. ಕೊನೆಯ ಕಾಯಿ ಕಿತ್ತು, ಮಣ್ಣು ಸುರಿದು, ಬಕೆಟ್ ತೊಳೆದು ಬೋರಲು ಹಾಕಿದಳು. ಬಗ್ಗಿ ತಳ ನೋಡಿದಳು.

ಬಕೆಟ್ಟಿನ ಬದಿಯ ತೂತುಗಳನ್ನು ಅವಳು ಕಂಡಿದ್ದಳು. ತಳವೂ ಜರಡಿಯಾಗಿರುತ್ತೆ ಅಂದುಕೊಂಡಿದ್ದಳು. ಆದರೆ ತಳದಲ್ಲಿ ಒಂದೇ ಒಂದು ತೂತಿಲ್ಲ! ಅಲ್ಲಿ ಅಪ್ಪನ ಬ್ರಷ್ಷಿನ ಸೊಟ್ಟ ಅಕ್ಷರಗಳಿದ್ದವು.

'ಮಗಳ ಕೋಣೆಗೆ. ತಿಳಿ ಹಸಿರು. ಯಾರೂ ಮುಟ್ಟಬೇಡಿ.'

ಅಪ್ಪ ಮರೆತಿರಲಿಲ್ಲ... ಅಳು ಉಕ್ಕಿತು. ಅದರ ಹಿಂದೆಯೇ ಸಿಟ್ಟೂ ಬಂತು. ಕೊನೆಯ ಕಾಯಿ ಹಿಡಿದು ಹೋಗಿ ಬಡಗಿಯ ಬಾಗಿಲು ದಬದಬ ಬಡಿದಳು.

"ಯಾಕ್ರೀ ಹೇಳ್ಲಿಲ್ಲ?"

"ಬಾಯಿ ತೆರೆಯೋಕೆ ಬಿಟ್ರಾ ನೀವು?"

"ಆಮೇಲಾದ್ರೂ ಹೇಳಬಹುದಿತ್ತಲ್ಲ! ಎರಡು ತಿಂಗಳು!"

"ಹೇಳಿದ್ರೆ ನಿಮ್ಮ ಕೋಪ ಹೋಗ್ತಿತ್ತು. ದುರುಗುಟ್ಟಿಕೊಂಡಾದ್ರೂ ನನ್ನ ಕಡೆ ನೋಡ್ತಿದ್ರಲ್ಲ... ನೀವಂದ್ರೆ ನನಗೆ ತುಂಬಾ ಇಷ್ಟ ಕಣ್ರೀ."

ಅವಳು ಸೌತೆಕಾಯಿಯನ್ನು ಅವನ ಕೈಗೆ ತುರುಕಿದಳು.

"ಕೋಪ ಹೋಯ್ತಾ?"

"ಇಲ್ಲ! ಭಾನುವಾರ ಬನ್ನಿ, ನನ್ನ ಕೋಣೆಗೆ ಬಣ್ಣ ಹೊಡೀಬೇಕು."

"ತಿಳಿ ಹಸಿರು ತಾನೇ?"

"ಅಬ್ಬಾ, ಈ ಸಲವಾದ್ರೂ ನನ್ನನ್ನ ಕೇಳಿದ್ರಲ್ಲ!" ಎಂದಳು, ಅವನೆದುರು ಮೊದಲ ಸಲ ನಗುತ್ತ.