ಏಳನೇ ಟೇಕ್

ಮೇಕಪ್‌ನವನ ಅಮ್ಮ ಸತ್ತ ದಿನ ನಿರ್ದೇಶಕ ಕ್ಯಾಮೆರಾ ಹಿಡಿದುಕೊಂಡೇ ಬಂದಿದ್ದ. ಅಳುವವರನ್ನೆಲ್ಲ, ಅಮ್ಮನ ಮುಖವನ್ನೂ ಚಿತ್ರಿಸಿಕೊಂಡು, ಹೋಗುವಾಗ ಅವನ ಬೆನ್ನು ತಟ್ಟಿದ.

"ನೂರೈವತ್ತು ಜನ ಪುಕ್ಕಟೆ ಸಿಕ್ರು ಕಣೋ. ನಮ್ಮ ಬಜೆಟ್‌ಗೆ ಇಷ್ಟು ಚೆನ್ನಾಗಿ ಯಾರು ಅಳ್ತಾರೆ?"

ಉರಿಯುವ ಮನೆಯಲ್ಲಿ ಗಳ ಹಿರಿಯುವ ಜನ್ಮ! ಇವನು ಸತ್ತರೆ ಸಿನಿಮಾ ನಿಲ್ಲುತ್ತದೆ, ಅಮ್ಮನ ಹೆಣ ಪರದೆಯ ಮೇಲೆ ಬರುವುದಿಲ್ಲ. ಮೇಕಪ್‌ನವ ಅಂದೇ ನಿಶ್ಚಯಿಸಿದ.

ದಾರಿಯನ್ನು ನಿರ್ದೇಶಕನೇ ತೋರಿಸಿಕೊಟ್ಟ. ನಟನಿಗೆ ಕೊಡಲು ಕಾಸಿಲ್ಲವೆಂದು ಹೆಣದ ಪಾತ್ರಕ್ಕೆ ತಾನೇ ಮಲಗಿದ. ಹೆಣವಾಗಿ ಮಲಗಿದವನು ನಿಜಕ್ಕೂ ಸತ್ತರೆ ಯಾರಿಗೆ ಗೊತ್ತಾದೀತು? ಆ ಜಿಡ್ಡು ಮುಖಕ್ಕೆ ಬಿಳಿ ಬಳಿಯುವಾಗ, ಹಳಸಲು ಬಾಯಿಯ ನಾತಕ್ಕೆ ಮೇಕಪ್‌ನವನಿಗೆ ವಾಕರಿಕೆ ಬಂತು. ಮೂಗಿಗೆ ಹತ್ತಿ ತುರುಕಿದ. ಜಾರದಿರಲೆಂದು ಕೈಗಳನ್ನು ಹೊದಿಕೆಯೊಳಗೆ ಕಟ್ಟಿದ. ಉಸಿರಿಗೆ ಉಳಿದಿದ್ದು ಬಾಯಿ ಮಾತ್ರ.

ಬೆಳಗ್ಗೆಯೆಲ್ಲ ನಗೆಪಾಟಲು. ಕ್ಯಾಮೆರಾ ಹಿಡಿದಿದ್ದ ನಿರ್ದೇಶಕನ ಅಕ್ಕನ ಮಗಳು ಮತ್ತೆ ಮತ್ತೆ ಕೂಗುತ್ತಿದ್ದಳು.

"ಕಟ್! ಮಾವಾ, ಹೆಣ ಉಸಿರಾಡ್ತಿದೆ!"

ಹೀಗೆ ಆರು ಟೇಕ್ ಹಾಳಾದವು.

ಊಟಕ್ಕೆ ಎಲ್ಲರೂ ಅಂಗಳಕ್ಕೆ ಹೊರಟರು. ಬಣ್ಣ ಬಿರಿಯುತ್ತದೆಂದು ನಿರ್ದೇಶಕ ಏಳಲಿಲ್ಲ.

"ನೊಣ ಕೂರದ ಹಾಗೆ ನೋಡ್ಕೊಳೋ," ಎಂದು ಹೊರಟವರ ಎದುರೇ ಮೇಕಪ್‌ನವನಿಗೆ ಹೇಳಿ ಗೊರಕೆ ಹೊಡೆದ.

ಮೇಕಪ್‌ನವ ಎದೆಯ ಮೇಲೆ ಭಾರ ಹಾಕಿ, ಒದ್ದೆ ಟವೆಲನ್ನು ಬಾಯಿಗೆ ಒತ್ತಿ ಹಿಡಿದ. ಎಲ್ಲ ಮುಗಿದ ಮೇಲೆ ಜೊಲ್ಲು ಒರೆಸಿ, ಬಣ್ಣ ತಿದ್ದಿದ. ಥೂ, ಸತ್ತ ಮೇಲೂ ಇವನ ಚಾಕರಿ ತಪ್ಪಲಿಲ್ಲ.

ಏಳನೇ ಟೇಕ್ ಒಂದೇ ಏಟಿಗೆ ಆಯಿತು.

"ಸೂಪರ್, ಮಾವಾ! ಹಾಗೇ ಇರಿ, ಇನ್ನೂ ನಾಲ್ಕು ಶಾಟ್ ಇದೆ," ಎಂಬ ಮಾತು ಅಂಗಳಕ್ಕೂ ಕೇಳಿಸಿತು.

ಮೇಕಪ್‌ನವ ಅಲ್ಲಿ ಡ್ರೈವರ್ ಜೊತೆ ಹರಟುತ್ತ ಕೂತಿದ್ದ. ಟಚಪ್‌ಗೆ ಕರೆದಾಗಲೂ ನಿರ್ದೇಶಕನ ಹೆಂಡತಿಯ ಕೈಯಲ್ಲೇ ಪೌಡರ್ ಕೊಟ್ಟು ಕಳಿಸಿದ. ಸಂಜೆ ಹೆಂಡತಿ ಎಬ್ಬಿಸಲು ಹೋಗಿ ಕಿರುಚುವಷ್ಟರಲ್ಲಿ ಶಾಟ್, ಟಚಪ್ ಎಂದು ಎಂಟು ಜನ ಆ ಮಂಚದ ಮೇಲೆ ಬಾಗಿದ್ದರು. ಅವರಲ್ಲಿ ಅವನಿರಲಿಲ್ಲ.

ಉಸಿರುಗಟ್ಟಿಸಿ ಕೊಂದಿದ್ದಾರೆ ಎಂದರು ಡಾಕ್ಟರು. ಎಂಟು ಜನರೂ ಬೆವರಿದರು.

"ಊಟ ಆದ್ಮೇಲೆ ನಾನು ಆ ರೂಮಿಗೆ ಕಾಲೇ ಇಟ್ಟಿಲ್ಲ ಸಾರ್," ಎಂದು ಮೇಕಪ್‌ನವ ಇನ್‌ಸ್ಪೆಕ್ಟರ್‌ಗೆ ತಣ್ಣಗೆ ಹೇಳಿದ. ಅದಕ್ಕೆ ಇಡೀ ಅಂಗಳವೇ ಸಾಕ್ಷಿ.

ಕ್ಯಾಮೆರಾ ಹುಡುಗಿ ಮೂಗೊರೆಸಿಕೊಂಡು ಲ್ಯಾಪ್‌ಟಾಪ್ ತೆರೆದಳು. "ಹಾಳಾದ ಟೇಕೂ ಇಟ್ಕೊಂಡಿದೀವಿ ಸಾರ್. ಮಾವ ಏನನ್ನೂ ಬಿಸಾಡೋಕೆ ಬಿಡ್ತಿರ್ಲಿಲ್ಲ." ಆರನೇ ಟೇಕಿನಲ್ಲಿ ಹೊದಿಕೆ ಏರಿಳಿಯುತ್ತಿತ್ತು. ಏಳನೆಯದರಲ್ಲಿ ಅಲುಗಲೇ ಇಲ್ಲ. ಇನ್‌ಸ್ಪೆಕ್ಟರ್ ಎರಡನ್ನೂ ಮತ್ತೊಮ್ಮೆ ನೋಡಿ ತಲೆಯೆತ್ತಿದ. "ನಡುವೆ ಇರೋದು ಊಟ ಒಂದೇ. ಆ ಹೊತ್ತಲ್ಲಿ ನೊಣ ಓಡಿಸ್ತಾ ಕೂತಿದ್ದೋರು ಯಾರು?"