ನಾಲ್ಕನೆಯ ಕೈಪಟ್ಟಿ

ಚಿತ್ರದುರ್ಗದ ಕೋಟೆಯೊಳಗೆ, ಹೊಂಡದ ಮೆಟ್ಟಿಲುಗಳ ಮೇಲೆ, ನಲವತ್ತು ಸಂಸಾರಗಳು ಬರೀ ಗಾಳಿಯನ್ನು ನೋಡುತ್ತ ಬಾಯಿ ಬಿಟ್ಟುಕೊಂಡು ನಿಂತಿದ್ದವು. ಅವರ ಕನ್ನಡಕದೊಳಗೆ ಮುನ್ನೂರು ವರ್ಷಗಳ ಹಿಂದಿನ ಬೆಳಗು. ಆನೆಗಳು ನೀರಿಗಿಳಿಯುತ್ತಿದ್ದವು, ಬುರುಜಿನ ಮೇಲೆ ಕಾವಲಿನವರು ಪಾಳಿ ಬದಲಿಸುತ್ತಿದ್ದರು. ಒಂದೇ ಒಂದು ಮಗುವೂ ರಚ್ಚೆ ಹಿಡಿದಿರಲಿಲ್ಲ.

2061ರ ಬೇಸಿಗೆ ರಜೆ ಅದು. ಈ 'ಹಾದಿಗಣ್ಣು' ಡಾ. ಮಂದಾಕಿನಿಯ ಹನ್ನೊಂದು ವರ್ಷದ ದುಡಿಮೆ. ಮೊದಲೆಲ್ಲ ಮಕ್ಕಳಿಗೆ ಕೋಟೆ ತೋರಿಸುವುದೆಂದರೆ ಯಾರಿಗೆ ಬೇಕಿತ್ತು ಆ ಪಾಡು! ಅಪ್ಪ ಫಲಕ ಓದುವುದು, ಮಗ ಐಸ್‌ಕ್ರೀಮಿಗೆ ಅಳುವುದು, ಅಮ್ಮ ಇಬ್ಬರಿಗೂ ಬೈಯುವುದು. ಈಗ ಕೈಪಟ್ಟಿ ಮಗುವಿನ ನಾಡಿ ಓದುತ್ತದೆ, ಕನ್ನಡಕ ಕಣ್ಣಿನ ಪಾಪೆ ಹಿಗ್ಗುವುದನ್ನು ಗಮನಿಸುತ್ತದೆ. ಬೇಸರ ಬಂತೆಂದು ತಿಳಿದ ಕೂಡಲೇ ಸಂಸಾರದ ಹಾದಿಯನ್ನೇ ಬದಲಿಸಿಬಿಡುತ್ತದೆ. ಗಮನ ಕೆಡಿಸುವ ಎಲ್ಲ ದನಿಗಳನ್ನೂ, ಎಲ್ಲ ಅಪರಿಚಿತರನ್ನೂ ಕಣ್ಣು ಕಿವಿಗಳಿಂದ ಅಳಿಸಿಹಾಕುತ್ತದೆ. ಈ ಕೊನೆಯ ಗುಣದ ಬಗ್ಗೆ ಮಂದಾಕಿನಿಗೆ ತುಸು ಹೆಚ್ಚೇ ಹೆಮ್ಮೆ.

ಅಷ್ಟರಲ್ಲಿ, ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಅವಳ ಕಿವಿಯಲ್ಲಿ ನಿಯಂತ್ರಣ ಕೊಠಡಿಯ ನಜೀರನ ದನಿ ಕೇಳಿತು.

"ಮೇಡಂ, ಓಬಳೇಶ ಅಂತ, ಆರು ವರ್ಷದ ಹುಡುಗ. ನಾಡಿ ನಿಂತಿದೆ."

"ಪಟ್ಟಿ ಬಿಚ್ಚಿ ಎಸೆದಿರ್ತಾನೆ ಬಿಡಿ."

"ಇಲ್ಲ ಮೇಡಂ, ಕೊಂಡಿ ಬಿಗಿಯಾಗೇ ಇದೆ. ಹೊಂಡದ ಹತ್ತಿರ, ನೀರಿನ ಅಂಚಲ್ಲೇ ತೋರಿಸ್ತಿದೆ. ಅಲ್ಲಾಡ್ತಾ ಇಲ್ಲ."

ಅವಳು ಹೊಂಡದತ್ತ ತಿರುಗಿದಳು. "ಎಲ್ಲರ ಕನ್ನಡಕ ಆರಿಸಿ! ಈಗಲೇ!"

"ಆಗಲ್ಲವಲ್ಲ ಮೇಡಂ. ಶುರುವಾದ ಪ್ರವಾಸ ನಿಲ್ಲಿಸೋದು ಅಪ್ಪ ಅಮ್ಮಂದಿರ ಕೈಲಿ ಮಾತ್ರ. ನೀವೇ ಬರೆಸಿದ ನಿಯಮ. ಆಂಬುಲೆನ್ಸಿಗೆ ಹೇಳಿದೀನಿ, ಕೆಳಗಿಂದ ಹತ್ತಿ ಬರಬೇಕು."

ಮಂದಾಕಿನಿ ಬಿದ್ದೆನೋ ಎದ್ದೆನೋ ಎಂದು ಓಡಿದಳು. "ಓಬಳೇಶನ ಮನೆಯವರು ಯಾರು? ಮಗು ನೀರಿಗೆ ಬಿದ್ದಿದೆ!" ಯಾರೂ ತಿರುಗಲಿಲ್ಲ. ಒಬ್ಬ ಹೆಂಗಸಿನ ಮುಖದ ಮುಂದೆಯೇ ನಿಂತು ಕಿರುಚಿದಳು. ಆಕೆ ನಗುತ್ತ, ಮಂದಾಕಿನಿಯ ಆಚೆ ಇದ್ದ ಆನೆಯನ್ನು ಮಗನಿಗೆ ತೋರಿಸಿದಳು. ತಾನೇ ಕಟ್ಟಿದ ಯಂತ್ರ ತನ್ನನ್ನು ಅಳಿಸಿಹಾಕಿತ್ತು. ಇನ್ನು ಕಾಯುತ್ತ ಕೂರುವುದೆಂತು? ಸೀರೆಯುಟ್ಟಂತೆಯೇ ನೀರಿಗಿಳಿದಳು. ಪಾಚಿಯ ಮೇಲೆ ಕಾಲು ಜಾರಿತು. ಎದೆಮಟ್ಟದ ನೀರಿನಲ್ಲಿ ಕೈಯಾಡಿಸಿದಳು, ಮುಳುಗಿ ತಡಕಿದಳು, ಎದ್ದು ಕೂಗಿದಳು, ಮತ್ತೆ ಮುಳುಗಿದಳು. ಸುತ್ತ ನಲವತ್ತು ಸಂಸಾರಗಳು ನಗುನಗುತ್ತಲೇ ನಿಂತಿದ್ದವು.

ಕೊನೆಗೆ ಮೇಲೆ ಬಂದು, ಸಿಕ್ಕಿದ ಮೊದಲ ಗಂಡಸಿನ ಮುಖದಿಂದ ಕನ್ನಡಕ ಕಿತ್ತಳು.

"ಏನ್ರೀ ಇದು! ಮೈಮೇಲೆ ಗ್ಯಾನ ಐತೇನ್ರಿ?"

"ಓಬಳೇಶ... ಯಾರ ಮಗು? ಎಲ್ಲಿ?"

ದಾವಣಗೆರೆಯ ತಿಪ್ಪೇಶ ತಬ್ಬಿಬ್ಬಾಗಿ ಅವಳನ್ನು ನೋಡಿದ. "ಓಬಳೇಶನಾ? ನಮ್ಮೋನೇ. ಆದ್ರೆ ಮಗು ಅಲ್ಲ ಮೇಡಂ." ನೀರಿನ ಅಂಚಿನ ಮೆಟ್ಟಿಲತ್ತ ಬೆರಳು ಮಾಡಿದ. ಅಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗುಂಡುಕಲ್ಲು. ಅದಕ್ಕೆ ಬಿಗಿದು ಕಟ್ಟಿದ ಕೈಪಟ್ಟಿ.

"ನಾವು ಮೂರೇ ಜನ. ಮೂರು ಮಂದಿ ಹೊರಡಬಾರ್ದು, ಜತೀಗೊಂದು ಕಲ್ಲು ತಗಂಡು ಹೋಗ್ರಿ ಅಂತ ನಮ್ಮವ್ವ ಹಟ ಹಿಡಿದ್ಲು. ಕಲ್ಲು ಲೆಕ್ಕಕ್ಕೆ ಬರಬೇಕಂದ್ರೆ ಅದಕ್ಕೂ ಟಿಕೆಟ್ ಬೇಕಂತೆ! ತೀರಿಕೊಂಡ ನಮ್ಮಪ್ಪನ ಹೆಸರಲ್ಲಿ, ಆರು ವರ್ಷ ಅಂತ ಬರೆಸಿ ಅರ್ಧ ಟಿಕೆಟ್ ಮಾಡಿಸಿದ್ವಿ. ಗೇಟ್ ದಾಟೋವರೆಗೂ ಮಗಳ ಎರಡೂ ಕೈಗೆ ಪಟ್ಟಿ ಕಟ್ಟಿದ್ವಿ. ಸೆಕೆ ಅಂತ ಈಗ ಒಂದನ್ನ ಬಿಚ್ಚಿ ಕಲ್ಲಿಗೆ ಕಟ್ಟವಳೆ."

ನಜೀರ ಕಿವಿಯಲ್ಲಿ ಹೋ ಎಂದು ನಕ್ಕ. ಮಂದಾಕಿನಿ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ನಗು ಬಂತು, ಅಳುವೂ ಬಂತು. ಸದ್ಯ, ಯಾರ ಮಗುವೂ ಸಾಯಲಿಲ್ಲವಲ್ಲ!

"ಬಹಳ ಹೊತ್ತು ಹುಡುಕಿದ್ರಾ ಮೇಡಂ?" ತಿಪ್ಪೇಶನೂ ನಗುತ್ತ ಕೇಳಿದ.

"ಹತ್ತು ನಿಮಿಷ. ನಿಮ್ಮ ಕಾಲಬುಡದಲ್ಲೇ ಕೂಗ್ತಾ ಇದ್ದೆ."

ತಿಪ್ಪೇಶನ ನಗು ಅಲ್ಲಿಗೇ ನಿಂತಿತು. ಅವನು ಹೆಂಡತಿಯ ಕನ್ನಡಕ ತೆಗೆದ, ಆಮೇಲೆ ಮಗಳದ್ದು. ಎಂಟು ವರ್ಷದ ಇಂಪನಾ, ನೀರು ಸುರಿಯುತ್ತ ಕುಳಿತ ಹೆಂಗಸನ್ನು ಕಣ್ಣರಳಿಸಿ ನೋಡಿದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡಳು.

"ಅಪ್ಪಾ, ನಾನು ಬಿದ್ದು ಕೂಗಿದ್ರೆ ನಿಂಗೆ ಕೇಳ್ತಿತ್ತಾ?"

ತಿಪ್ಪೇಶ ಮಂದಾಕಿನಿಯ ಮುಖ ನೋಡಿದ. ಉತ್ತರ ಗೊತ್ತಿದ್ದವಳು ಅವಳೊಬ್ಬಳೇ. ಆನೆ ನೋಡುತ್ತಿರುವವರ ಗಮನ ಕೆಡಿಸುವ ಯಾವ ದನಿಯಾದರೂ, ಸ್ವಂತ ಮಗುವಿನದೇ ಆದರೂ, ಯಂತ್ರಕ್ಕೆ ಒಂದೇ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ನಾನು ಇವಳಷ್ಟಿದ್ದಾಗ," ತಿಪ್ಪೇಶ ಮಗಳನ್ನು ಹತ್ತಿರಕ್ಕೆಳೆದುಕೊಂಡು ಮೆಲ್ಲಗೆ ಹೇಳಿದ, "ನಮ್ಮಪ್ಪ ಸಂಜೆಯೆಲ್ಲ ಫೋನ್ ನೋಡ್ಕೊಂಡು ಕುಂತಿರೋನು. ಅಪ್ಪಾ ಅಪ್ಪಾ ಅಂತ ಮೂರು ಸಲ ಕರೆದ್ರೆ, ತಲೆ ಎತ್ತದೆ 'ಹ್ಞೂಂ' ಅನ್ನೋನು. ಎಷ್ಟು ಸಿಟ್ಟು ಬರ್ತಿತ್ತು ಗೊತ್ತಾ ನಂಗೆ? ಆ 'ಹ್ಞೂಂ' ಆದ್ರೂ ಇತ್ತಲ್ಲ ಮೇಡಂ ಆಗ."