ಎರಡು ಹೊತ್ತು ಹಿಂಡಿ ನೋಡಬೇಕು

ಪರದೆಯ ನಡುವೆ ಸಣ್ಣದೊಂದು ಉಂಗುರ ತಿರುಗುತ್ತಲೇ ಇತ್ತು. ಅಬಿದಾ ಗದ್ದಕ್ಕೆ ಕೈ ಕೊಟ್ಟು ಅದನ್ನೇ ನೋಡುತ್ತಾ ಕೂತಿದ್ದಳು. ಗೇಮ್ ಓಪನ್ ಆಗಲೆಂದು ಒತ್ತಿ, ಒಳಗೆ ಹೋಗಿ ನೀರು ಕುಡಿದು, ಅಜ್ಜಿಗೆ, ಅಂದರೆ ದಾದಿಗೆ, ಎಲೆ-ಅಡಿಕೆ ಚೀಲ ಹುಡುಕಿಕೊಟ್ಟು ಬಂದಿದ್ದಳು. ಉಂಗುರ ಇನ್ನೂ ತಿರುಗುತ್ತಿತ್ತು.

"ಇದರಾಗ ಜೀವಾನ ಇಲ್ಲ," ಎಂದಳು ಸಾಕಾಗಿ.

ಲ್ಯಾಪ್‌ಟಾಪ್ ಮನೆಗೆ ಬಂದದ್ದು ನಿನ್ನೆ ಸಂಜೆ. ಅಬಿದಾಳ ಅಬ್ಬಾ ಅಬ್ದುಲರಜಾಕ ನಾಲತವಾಡದಿಂದ ಮುದ್ದೇಬಿಹಾಳಕ್ಕೆ ಟೆಂಪೋ ಓಡಿಸುತ್ತಾನೆ. ಮುದ್ದೇಬಿಹಾಳದ ಬಜಾರಿನಲ್ಲಿ ಅದನ್ನು ಕೊಂಡು, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮನೆಗೆ ತಂದಿದ್ದ. ದಾರಿಯಲ್ಲಿ ಯಾರೋ ಆ ಸೀಟು ಕೇಳಿದರೂ ಕೊಡಲಿಲ್ಲವಂತೆ. ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದು ಇದೇ. ಆದರೂ ಹೊಚ್ಚಹೊಸದು. ಅಂಗಡಿಯವನು ಒಂದು ಮಾತು ಕೊಟ್ಟಿದ್ದ. ಮನಸ್ಸಿಗೆ ಬರದಿದ್ದರೆ ಭಾನುವಾರ ಮಧ್ಯಾಹ್ನದೊಳಗೆ ವಾಪಸ್ ತರಬಹುದು, ದುಡ್ಡು ಕೊಡುತ್ತಾನೆ. ಆದರೆ ಅದರ ಡಬ್ಬಿ ಸಮೇತ ತರಬೇಕು. ಡಬ್ಬಿ ಇಲ್ಲದಿದ್ದರೆ ಅವನು ಕೈಯಿಂದಲೂ ಮುಟ್ಟುವುದಿಲ್ಲ.

ಆ ಡಬ್ಬಿಯ ಮೇಲೆ ಆಗಲೇ ದಾದಿಯ ಕಣ್ಣು ಬಿದ್ದಿತ್ತು. ಅಬ್ಬಾನ ತಾಯಿ ದಾವಲಬಿಗೆ ಹಿತ್ತಲಿನ ಕೋಳಿಗಳೇ ಲೋಕ. ಕೋಳಿಯನ್ನು ಕಾವು ಕೂರಿಸುವ ಬುಟ್ಟಿಯ ತಳ ಕಿತ್ತುಹೋಗಿತ್ತು. ಗಟ್ಟಿ ರಟ್ಟಿನ ಅಗಲವಾದ ಡಬ್ಬಿ ಕಂಡದ್ದೇ ತಡ, ನನಗೆ ಕೊಡು ಎಂದು ನಿನ್ನೆಯಿಂದ ಅಬಿದಾಳ ಬೆನ್ನು ಹತ್ತಿದ್ದಳು. ಅಬಿದಾ ಅದನ್ನು ಟ್ರಂಕಿನ ಮೇಲೆ, ದಾದಿಯ ಕೈಗೆ ಸಿಗದಂತೆ ಎತ್ತಿಟ್ಟಿದ್ದಳು.

ಇತ್ತ ಅಬಿದಾಳ ಚಿಂತೆಯೇ ಬೇರೆ. ಮನೆಗೆ ಲ್ಯಾಪ್‌ಟಾಪ್ ಬರುತ್ತದೆ ಎಂದು ಆರನೇ ಕ್ಲಾಸಿನ ತುಂಬಾ ಡಂಗುರ ಹೊಡೆದವಳು ಅವಳೇ. ಗೆಳತಿ ರೇಣುಕಾಳ ಅಣ್ಣನ ಬಳಿ ಒಂದು ಲ್ಯಾಪ್‌ಟಾಪ್ ಇದೆ. ಅದರಲ್ಲಿ ಊರು ಕಟ್ಟುವ ಗೇಮ್ ಒತ್ತಿದ ಕೂಡಲೇ ತೆರೆದುಕೊಳ್ಳುತ್ತದೆ. ನಾಳೆ ಭಾನುವಾರ, ರೇಣುಕಾ ಇವರ ಲ್ಯಾಪ್‌ಟಾಪ್ ನೋಡಲು ಬರುವವಳಿದ್ದಳು. ಬಂದು ಏನು ನೋಡಬೇಕು? ಈ ಉಂಗುರವನ್ನೇ?

ಬಾಗಿಲ ಬಳಿ ಚಪ್ಪಲಿಯ ಸಪ್ಪಳವಾಯಿತು. ಅಮ್ಮಿ ಬಂದಿದ್ದಳು. ಬಂದವಳು ಒಳಗೆ ಬರಲಿಲ್ಲ. ಬುರ್ಖಾ ಕೂಡ ತೆಗೆಯದೆ ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ದಿನವೂ ಹೀಗೆಯೇ. ಸ್ವಲ್ಪ ಹೊತ್ತು ಅವಳ ಜೊತೆ ಯಾರೂ ಮಾತಾಡಬಾರದು, ಮಾತಾಡಿದರೂ ಅವಳಿಗೆ ಕೇಳಿಸುವುದಿಲ್ಲ.

ಅಮ್ಮಿಯ ಹೆಸರು ಮುಮ್ತಾಜ. ರಿಜಿಸ್ಟ್ರಾರ್ ಆಫೀಸಿನ ಎದುರು ಹನೀಫ ಸಾಹೇಬರ ಅಂಗಡಿಯಲ್ಲಿ ಅವಳು ಟೈಪಿಂಗ್ ಮಾಡುತ್ತಾಳೆ. ಹೊಲ, ಮನೆ, ಜಾಗ ಏನೇ ಮಾರಿದರೂ ಕಾಗದಪತ್ರ ಆಗಬೇಕಲ್ಲ, ಅವನ್ನೆಲ್ಲ ಹನೀಫ ಸಾಹೇಬರು ಬರೆಯುತ್ತಾರೆ, ಅಮ್ಮಿ ಕನ್ನಡದಲ್ಲಿ ಟೈಪ್ ಮಾಡುತ್ತಾಳೆ. ಅಂಗಡಿ ಎಂದರೆ ಒಂದು ಕಪಾಟಿನಷ್ಟು ಅಗಲ. ಕುರ್ಚಿಯ ಒಂದು ಕಾಲು ಮುರಿದು ಕೆಳಗೆ ಇಟ್ಟಿಗೆ ಬಂದಿದೆ. ಕೊಡುವವರು, ಕೊಳ್ಳುವವರು, ಸಾಕ್ಷಿಗಳು ಎಲ್ಲರೂ ಅಮ್ಮಿಯ ತಲೆಯ ಮೇಲೆಯೇ ನಿಂತು ಬೇಗ ಬೇಗ ಅನ್ನುತ್ತಾರೆ. ಕರೆಂಟ್ ಹೋಯಿತೆಂದರೆ ಅರ್ಧ ಟೈಪ್ ಮಾಡಿದ್ದು ಮಾಯ. ಮತ್ತೆ ಮೊದಲಿಂದ ಶುರು. ಅಂಥ ದಿನ ಅಮ್ಮಿ ಹೊಸ್ತಿಲ ಮೇಲೆ ಕೂರುವ ಹೊತ್ತೂ ಹೆಚ್ಚು.

ಹನೀಫ ಸಾಹೇಬರೇ ಒಂದು ದಾರಿ ಹೇಳಿದ್ದರು. ನಿನ್ನದೇ ಒಂದು ಕಂಪ್ಯೂಟರ್ ಇದ್ದರೆ ಮನೆಯಲ್ಲೇ ಕೂತು ಮಾಡವ್ವ, ನಾನು ಬರೆದದ್ದರ ಫೋಟೊ ಮೊಬೈಲಿಗೆ ಕಳಿಸುತ್ತೇನೆ, ನೀನು ಟೈಪ್ ಮಾಡಿ ಕಳಿಸು ಎಂದು. ಲ್ಯಾಪ್‌ಟಾಪ್ ಬಂದದ್ದು ಅದಕ್ಕಾಗಿ. ಇದು ಅಬಿದಾಳಿಗೂ ಗೊತ್ತಿತ್ತು. ಗೊತ್ತಿದ್ದೂ ಮರೆತುಬಿಟ್ಟಿದ್ದಳು.

ಕತ್ತಲಾಗುವ ಮೊದಲು ದೊಡ್ಡಪ್ಪನ ಮಗ ಅಕ್ರಮ ಬಂದ. ವಿಜಯಪುರದಲ್ಲಿ ಕಂಪ್ಯೂಟರ್ ಓದುವವನು. ಅಮ್ಮಿ ಕೇಳಿದಳೆಂದು ಲ್ಯಾಪ್‌ಟಾಪಿಗೆ ಕನ್ನಡ ಟೈಪಿಂಗ್ ಹಾಕಿಕೊಟ್ಟ. ಆಮೇಲೆ ಅದರ ಮೈಮೇಲಿನ ಚೀಟಿ ಓದಿದ. ಅಲ್ಲಿ ಒತ್ತಿದ, ಇಲ್ಲಿ ಒತ್ತಿದ, ಬಾಯಿಯಲ್ಲಿ ಚ್ಚು ಚ್ಚು ಅಂದ. ಎಷ್ಟು ಕೊಟ್ಟಿರಿ ಎಂದು ಕೇಳಿದ. ಅಬ್ಬಾ ಹೇಳಿದ. ಅಕ್ರಮ ಸುಮ್ಮನಾದ. ಬಯ್ದಿದ್ದರೂ ಅಬ್ಬಾನಿಗೆ ಅಷ್ಟು ಬೇಸರ ಆಗುತ್ತಿರಲಿಲ್ಲ.

"ನಾಕು ಜಿಬಿ ರ‍್ಯಾಮ್ ಐತಿ ಚಾಚಾ. ಈಗಿನ ಕಾಲಕ್ಕ ಇದು ಎದಕ್ಕೂ ಸಾಲಂಗಿಲ್ಲ. ಇನ್ನೊಂದಿಷ್ಟು ರೊಕ್ಕ ಹಾಕಿದ್ರ ಛಲೋದು ಬರ್ತಿತ್ರಿ."

"ನಾನೂ ಅದನ್ನ ಹೇಳಾಕತ್ತೇನಿ," ಎಂದಳು ಅಬಿದಾ. "ಗೇಮ್ ಸೈತ ಬರವಲ್ದು."

ಇನ್ನೊಂದಿಷ್ಟು ಅನ್ನುವುದು ಹೇಳುವವರಿಗೆ ಬಹಳ ಹಗುರ ಮಾತು. ಅದನ್ನು ಹೊರುವವರು ಬೇರೆ ಇರುತ್ತಾರೆ. ಅಬ್ಬಾ ಅಮ್ಮಿಯ ಕಡೆ ನೋಡಿದ. ಅಮ್ಮಿ ರೊಟ್ಟಿಯ ತಾಟನ್ನು ಮುಂದಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಅವಳಿಗೆ ವಾದ ಮಾಡುವ ಶಕ್ತಿಯೂ ಉಳಿದಿರಲಿಲ್ಲ.

"ಹಂಗಾದ್ರ ನಾಳಿ ವಾಪಸ್ ಕೊಟ್ಟುಬಿಡ್ರಿ," ಎಂದಳು. "ಇನ್ನೊಂದು ವರ್ಷ ಅಂಗಡೀಗೇ ಹೋಗ್ತೇನಿ. ಮುಂದ ನೋಡಿದ್ರಾತು."

ಅಬಿದಾಳಿಗೆ ಮೊದಲು ಖುಷಿಯೇ ಆಯಿತು. ಛಲೋ ಲ್ಯಾಪ್‌ಟಾಪ್ ಬರುತ್ತದೆ! ಮುಂದಿನ ವರ್ಷ ತಾನೆ? ರೇಣುಕಾಳಿಗೆ ಏನಾದರೂ ನೆಪ ಹೇಳಿದರಾಯಿತು. ಆದರೆ ಆ ಖುಷಿ ಯಾಕೋ ನೆಟ್ಟಗೆ ಕೂರಲಿಲ್ಲ. ಇನ್ನೊಂದು ವರ್ಷ ಎಂದರೆ ಆ ಹೊಸ್ತಿಲು ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಮೂಲೆಯಿಂದ ದಾದಿ ಕೇಳಿದಳು, "ಹಿಂಡಿ ನೋಡಿದ್ರೇನು?"

ಎಲ್ಲರೂ ಅವಳ ಕಡೆ ತಿರುಗಿದರು. ದಾದಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ದಾದಿ ಹರೆಯದಲ್ಲಿ ಎಮ್ಮೆ ಕಟ್ಟಿದವಳು. ಎಮ್ಮೆ ಕೊಳ್ಳಲು ಹೋದರೆ, ಕೊಡುವವನ ಬಾಯಿಮಾತು ಕೇಳಿ ಯಾರೂ ದುಡ್ಡು ಬಿಚ್ಚುತ್ತಿರಲಿಲ್ಲ. ಅವನ ಕೊಟ್ಟಿಗೆಯಲ್ಲೇ ಸಂಜೆ ಒಂದು ಹೊತ್ತು, ಬೆಳಗ್ಗೆ ಒಂದು ಹೊತ್ತು ಕೊಳ್ಳುವವರೇ ಹಿಂಡಿ ನೋಡಬೇಕು. ಎರಡು ಹೊತ್ತಿನ ಹಾಲು ಕಣ್ಣಾರೆ ಕಂಡ ಮೇಲೆ ವ್ಯಾಪಾರ. ಅದರಲ್ಲೂ ಮನೆಯಲ್ಲಿ ದಿನವೂ ಯಾರು ಹಿಂಡುತ್ತಾರೋ ಅವರೇ ಕೂರಬೇಕು. ಎಮ್ಮೆ ಎಲ್ಲರ ಕೈಗೂ ಹಾಲು ಬಿಡುವುದಿಲ್ಲ. ಈ ಕತೆಯನ್ನು ಅಬಿದಾ ಕೇಳಿ ಕೇಳಿ ದಣಿದಿದ್ದಳು. ಮನೆಗೆ ಕುಕ್ಕರ್ ತಂದಾಗಲೂ ದಾದಿ ಇದನ್ನೇ ಹೇಳಿದ್ದಳು, ಫ್ಯಾನ್ ತಂದಾಗಲೂ ಇದನ್ನೇ ಹೇಳಿದ್ದಳು.

"ಸಂಜಿ ಹೊತ್ತು ಹುಡುಗಿ ಕುಂತಾಳ. ಹಾಲು ಬಂದಿಲ್ಲ, ಖರೇ," ಎಂದಳು ದಾದಿ. "ದಿನಾ ಹಿಂಡಾಕಿ ಯಾರು?"

ಅಕ್ರಮನಿಗೆ ನಗು ತಡೆಯಲಾಗಲಿಲ್ಲ. ಇದು ಎಮ್ಮೆ ಅಲ್ಲ ಎಂದು ಅಬ್ಬಾ ಮೆಲ್ಲಗೆ ಹೇಳಿದ. ಅಮ್ಮಿಯ ತಾಟಿನಲ್ಲಿ ರೊಟ್ಟಿ ಹಾಗೇ ಇತ್ತು. ಅವಳು ಕೂತಲ್ಲೇ ನಿದ್ದೆ ಹೋಗಿದ್ದಳು.

ಬೆಳಗ್ಗೆ ಅಬಿದಾಳಿಗೆ ಎಚ್ಚರವಾದದ್ದು ಟಕಟಕ ಸಪ್ಪಳಕ್ಕೆ. ತಗಡಿನ ಮೇಲೆ ಹನಿ ಬೀಳುತ್ತಿದೆ ಅಂದುಕೊಂಡಳು. ಹೊರಗೆ ಬಂದು ನೋಡಿದರೆ ಪಡಸಾಲೆಯಲ್ಲಿ ಅಮ್ಮಿ ಕೂತಿದ್ದಳು. ದಾದಿ ನಮಾಜಿಗೆ ಎದ್ದವಳು ಸೊಸೆಯನ್ನೂ ಎಬ್ಬಿಸಿ, ಎರಡನೇ ಹೊತ್ತು ನೀನೇ ಕೂರು ಎಂದು ಹಟ ಹಿಡಿದಿದ್ದಳಂತೆ. ಮುದುಕಿಯ ಬಾಯಿ ಮುಚ್ಚಿಸಿದರೆ ಸಾಕೆಂದು ಅಮ್ಮಿ ಕೂತಿದ್ದಳು. ಹನೀಫ ಸಾಹೇಬರು ನಿನ್ನೆ ಕಳಿಸಿದ ಖರೇದಿ ಪತ್ರದ ಫೋಟೊ ಮೊಬೈಲಿನಲ್ಲಿತ್ತು. ಅದನ್ನು ಅಕ್ಕಿ ಡಬ್ಬಿಗೆ ಒರಗಿಸಿ ಇಟ್ಟುಕೊಂಡಿದ್ದಳು.

ಅಬಿದಾ ಹಿಂದೆ ಬಂದು ನಿಂತಳು. ಅಮ್ಮಿಯ ಕಣ್ಣು ಮೊಬೈಲಿನ ಮೇಲಿತ್ತು. ಬೆರಳುಗಳನ್ನು ಅವಳು ನೋಡುತ್ತಲೇ ಇರಲಿಲ್ಲ. ಅವು ತಾವೇ ಓಡುತ್ತಿದ್ದವು. ಪರದೆಯ ಮೇಲೆ ಕನ್ನಡದ ಅಕ್ಷರಗಳು ಒಂದರ ಹಿಂದೆ ಒಂದು ಬಂದು ಕೂರುತ್ತಿದ್ದವು. 'ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿ ದಾರಿ, ಉತ್ತರಕ್ಕೆ ಬೀರಣ್ಣನ ಹೊಲ.' ಅಬಿದಾ ಉಂಗುರಕ್ಕಾಗಿ ಕಾದಳು. ಈಗ ಬರುತ್ತದೆ, ಈಗ ಬರುತ್ತದೆ ಅಂದುಕೊಂಡಳು. ಬರಲಿಲ್ಲ.

ಅಮ್ಮಿ ಟೈಪ್ ಮಾಡುವುದನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಅಂಗಡಿಗೆ ಹೋದಾಗ ಜನರ ಬೆನ್ನು ಮಾತ್ರ ಕಾಣುತ್ತಿತ್ತು.

ಫ್ಯಾನ್ ಗಕ್ಕನೆ ನಿಂತಿತು. ಮನೆಯಲ್ಲಿ ಕತ್ತಲು. ಕರೆಂಟ್ ಹೋಗಿತ್ತು.

ಅಮ್ಮಿಯ ಕೈಗಳು ಮೇಲೆದ್ದು ಗಾಳಿಯಲ್ಲೇ ನಿಂತವು. ಎಷ್ಟು ವರ್ಷಗಳ ಅಭ್ಯಾಸವೋ. ಅಬಿದಾ ಕೂಡ ಅಂದುಕೊಂಡಳು: ಹೋಯಿತು, ಎಲ್ಲಾ ಹೋಯಿತು, ಇನ್ನು ಮೊದಲಿಂದ.

ಪರದೆ ಬೆಳಗುತ್ತಲೇ ಇತ್ತು. ಹಳ್ಳ ಅಲ್ಲೇ ಇತ್ತು, ಬಂಡಿ ದಾರಿ ಅಲ್ಲೇ ಇತ್ತು. ಬೀರಣ್ಣನ ಹೊಲವೂ ಎಲ್ಲಿಗೂ ಹೋಗಿರಲಿಲ್ಲ.

ಅಮ್ಮಿ ಒಂದು ಗಳಿಗೆ ಅದನ್ನೇ ನೋಡಿದಳು. ತನ್ನಷ್ಟಕ್ಕೆ ಸಣ್ಣಗೆ ನಕ್ಕಳು. ಮತ್ತೆ ಟಕಟಕ ಶುರುವಾಯಿತು.

ಆ ಬೆಳಕಿನಲ್ಲಿ ಅಬಿದಾ ಅಮ್ಮಿಯ ಕಾಲು ನೋಡಿದಳು. ದಿನವಿಡೀ ಕುರ್ಚಿಯಿಂದ ಜೋತುಬಿದ್ದು ಸಂಜೆಗೆ ಬಾತುಕೊಳ್ಳುವ ಕಾಲುಗಳು. ಈಗ ಚಾಪೆಯ ಮೇಲೆ ಉದ್ದಕ್ಕೆ ಚಾಚಿಕೊಂಡಿದ್ದವು. ಪಕ್ಕದಲ್ಲಿ ಚಹಾ ಇತ್ತು. ಅಮ್ಮಿ ನಡುನಡುವೆ ಅದನ್ನು ಕುಡಿಯುತ್ತಲೂ ಇದ್ದಳು.

"ಅಮ್ಮಿ, ಮನ್ಯಾಗ ಮಾಡಿದ್ರ ದಣಿವು ಆಗಂಗಿಲ್ಲೇನು?"

"ಆಗ್ತೈತಿ. ಆದ್ರ ದಣದ ಮ್ಯಾಲ ಮನೀತನಕ ನಡಕೋತ ಬರೂದಿಲ್ಲಲ," ಎಂದಳು ಅಮ್ಮಿ. ಆಮೇಲೆ ಬೆರಳು ನಿಲ್ಲಿಸಿ ಮಗಳ ಕಡೆ ತಿರುಗಿದಳು. "ಹೋಗ್ಲಿ ಬಿಡು. ನಿನಗ ಇದರಾಗ ಆಟ ಬರಂಗಿಲ್ಲ. ಅಕ್ರಮ ಹೇಳಿದ್ದೂ ಸುಳ್ಳಲ್ಲ. ಇದೊಂದು ಹಾಳಿ ಮುಗಿಸ್ತೇನಿ, ಅಬ್ಬಾ ಎದ್ದು ಕೊಟ್ಟು ಬರ್ಲಿ. ಡಬ್ಬಿ ತಗದು ಇಡು."

ಅಮ್ಮಿ ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ಅಳುತ್ತಲೂ ಹೇಳಲಿಲ್ಲ. ಸುಮ್ಮನೆ ಹೇಳಿದಳು. ಅದನ್ನೇ ಅಬಿದಾಳಿಗೆ ತಡೆಯಲಾಗಲಿಲ್ಲ.

ಅವಳು ಟ್ರಂಕಿನ ಬಳಿ ಹೋಗಿ ಸ್ಟೂಲ್ ಹತ್ತಿ ಡಬ್ಬಿ ಇಳಿಸಿದಳು. ಒಳಗಿನ ಥರ್ಮಾಕೋಲ್ ತೆಗೆದಳು. ಪಡಸಾಲೆಗೆ ಬರಲಿಲ್ಲ. ಹಿತ್ತಲ ಬಾಗಿಲು ತೆರೆದು ಹೊರಗೆ ಹೋದಳು.

ಸ್ವಲ್ಪ ಹೊತ್ತಿಗೆ ಅಬ್ಬಾ ಎದ್ದ. ಮುಖ ತೊಳೆದು, ಟೆಂಪೋದ ಕೀಲಿಕೈ ಜೇಬಿಗೆ ಹಾಕಿಕೊಂಡ. ಚಾರ್ಜರ್ ಸುತ್ತಿ ಕೈಯಲ್ಲಿ ಹಿಡಿದು ಟ್ರಂಕಿನ ಮೇಲೆ ನೋಡಿದ, ಕೆಳಗೆ ನೋಡಿದ. ಡಬ್ಬಿ ಇರಲಿಲ್ಲ. ಥರ್ಮಾಕೋಲ್ ಮಾತ್ರ ಬಿದ್ದಿತ್ತು.

"ಅಬಿದಾ, ಡಬ್ಬಿ ಎಲ್ಲಿ ಐತಿ?"

ಕೇಳುತ್ತಲೇ ಅವನು ಹಿತ್ತಲಿಗೆ ಬಂದ. ಗೋಡೆಯ ನೆರಳಿನಲ್ಲಿ ಡಬ್ಬಿ ಇತ್ತು. ಅದರೊಳಗೆ ಹೊಟ್ಟು ಹಾಸಿತ್ತು. ಹೊಟ್ಟಿನ ಮೇಲೆ ದಾದಿಯ ಕೆಂಪು ಕೋಳಿ ಮೈ ಉಬ್ಬಿಸಿ ಕೂತಿತ್ತು. ಆಚೆ ಈಚೆ ದಾದಿಯೂ ಮೊಮ್ಮಗಳೂ ಕುಕ್ಕರಗಾಲಲ್ಲಿ ಕೂತಿದ್ದರು. ದಾದಿಯ ಮುಖ ಹಬ್ಬದ ದಿನದ ಹಾಗಿತ್ತು.

"ತತ್ತಿ ಇಟ್ಟಾತು," ಎಂದಳು ದಾದಿ. "ಮರಿ ಆಗೂತನಕ ಯಾರೂ ಏಳಿಸಬ್ಯಾಡ್ರಿ."

ಅಬ್ಬಾ ಅಬಿದಾಳ ಮುಖ ನೋಡಿದ. ಅಬಿದಾ ಕೋಳಿಯನ್ನೇ ನೋಡುತ್ತಿದ್ದಳು. ಕಿವಿ ಮಾತ್ರ ಕೆಂಪಾಗಿತ್ತು. ಒಳಗಿನಿಂದ ಟಕಟಕ ಸಪ್ಪಳ ಬಿಡದೆ ಕೇಳುತ್ತಿತ್ತು. ಅಬ್ಬಾ ಅದನ್ನು ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಒಳಗೆ ಹೋಗಿ ಚಾರ್ಜರನ್ನು ಗೋಡೆಯ ಮೊಳೆಗೆ ತೂಗುಹಾಕಿದ.

ಹೊತ್ತು ಏರಿದ ಮೇಲೆ ರೇಣುಕಾ ಬಂದಳು. ಹೊಸ ಲ್ಯಾಪ್‌ಟಾಪ್ ನೋಡಬೇಕೆಂದು ತಲೆ ಬಾಚಿ ರಿಬ್ಬನ್ ಕಟ್ಟಿಕೊಂಡು ಬಂದಿದ್ದಳು. ಅಬಿದಾ ಓಡಿಹೋಗಿ ಬಾಗಿಲಲ್ಲೇ ಅವಳ ಕೈ ಹಿಡಿದಳು.

"ಹೆಂಗೈತಿ? ಕೊಟ್ಟ ರೊಕ್ಕಕ್ಕ ಛಲೋ ಐತೇನು? ಗೇಮ್ ಬರ್ತೈತೇನು?" ಎಂದು ಕೇಳಿದಳು ರೇಣುಕಾ.

"ಗೇಮ್ ಬರಂಗಿಲ್ಲ," ಎಂದಳು ಅಬಿದಾ. ಹೇಳಿದ ಮೇಲೆ, ಅದನ್ನು ಹೇಳುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ ಅನ್ನಿಸಿತು. "ಹಿತ್ತಲಾಗ ಹೋಗೂಣು ಬಾ. ಇಲ್ಲಿ ಸಪ್ಪಳ ಮಾಡಬ್ಯಾಡ. ಅಮ್ಮಿ ಹಿಂಡಾಕತ್ತಾಳ."

ರೇಣುಕಾ ಪಡಸಾಲೆಯೊಳಗೆ ಇಣುಕಿದಳು. ಅಲ್ಲಿ ಎಮ್ಮೆಯೂ ಇರಲಿಲ್ಲ, ಚರಿಗೆಯೂ ಇರಲಿಲ್ಲ.